ಆರನೆಯ ಬಳೆ

ಓಜೆಯಾಸ್ ಆ ಕೊಕ್ಕೆಯನ್ನು, ಸತ್ತ ಜಿರಳೆಯ ಮೀಸೆ ಹಿಡಿದು ಎತ್ತುವ ಹಾಗೆ, ಎರಡು ಬೆರಳಿನಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಮತ್ತೆ ಅಂಗಡಿಯ ಕಲ್ಲಿನ ಕಟ್ಟೆಯ ಮೇಲೆ ಇಟ್ಟ.

"ನನ್ನ ಅಂಗಡೀದೇ," ಎಂದ. "ಆದ್ರೆ ಇದು ಬಿಡಾರದಲ್ಲಿ ಲಾಟೀನು ನೇತುಹಾಕೋಕೆ ಕೊಟ್ಟ ಕೊಕ್ಕೆ ಕಣಮ್ಮ. ಇದಕ್ಕೆ ಕೋಳೀನ ಕಟ್ಟಿದ್ರೂ ಎರಡು ಸಲ ಕೊಸರಾಡಿ ಓಡಿಹೋಗ್ತದೆ. ಮನುಷ್ಯನ್ನ ಮಲಗಿಸ್ತಾರೇನು?"

ತನಿಖಾಧಿಕಾರಿ ಲಿಂಡಾಲ್ವ ಅದನ್ನು ತನ್ನ ಕಡೆ ಎಳೆದುಕೊಂಡಳು. ತೆಳುವಾದ ಆ ಕೊಕ್ಕೆಯ ಒಂದು ಬಾಗು ನೇರವಾಗಿ ಬಿಚ್ಚಿಕೊಂಡಿತ್ತು. ಮೂರು ದಿನಗಳ ಹಿಂದೆ ಕಾಡಿನ ಬಿಡಾರದಲ್ಲಿ, ಮರ ಎಣಿಸಲು ಹೋಗಿದ್ದ ಕಂಪನಿಯ ಸರ್ವೇಯರ್ ಅದೆರ್ಬಾಲ್, ಇದೇ ಕೊಕ್ಕೆಗೆ ತೂಗಿದ್ದ ಜೋಲಿಯಿಂದ ಬಿದ್ದು, ಕೆಳಗಿದ್ದ ಬೊಡ್ಡೆಗೆ ತಲೆ ಒಡೆದು ಸತ್ತನೆಂದು ಠಾಣೆಯ ಕಡತ ಹೇಳುತ್ತಿತ್ತು. ಜೋಲಿ ಕಟ್ಟಿದವನು ದಾರಿ ತೋರಿಸಲು ಜೊತೆಗೆ ಹೋಗಿದ್ದ ಮುದುಕ ತಿಬೂರ್ಸಿಯೊ. ಬೇಕೆಂದೇ ಹಾಗೆ ಕಟ್ಟಿದನೆಂದೂ ಕಡತ ಹೇಳುತ್ತಿತ್ತು. ಜೋಲಿಗೆ ಆ ಕೊಕ್ಕೆ ತಾನು ಹಾಕಿದ್ದಲ್ಲ ಎಂದು ಮುದುಕ ಹೇಳಿದ್ದನ್ನು ಯಾರೂ ಬರೆದುಕೊಂಡಿರಲಿಲ್ಲ.

ಗೋಡೆಯ ಗಡಿಯಾರದಲ್ಲಿ ಎರಡೂಕಾಲು. ನಾಲ್ಕು ಗಂಟೆಗೆ ಲಾಂಚು. ಅದರಲ್ಲಿ ತಿಬೂರ್ಸಿಯೊನನ್ನು ಕೆಳನದಿಯ ಜೈಲಿಗೆ ಸಾಗಿಸಬೇಕೆಂಬ ಆದೇಶಕ್ಕೆ ಸಹಿ ಹಾಕಿ ಠಾಣೆಯ ಯಜಮಾನ ರಜೆಯ ಮೇಲೆ ಹೊರಟುಹೋಗಿದ್ದ. ಆ ಜೈಲಿನೊಳಗೆ ಹೋದ ಬಡವನ ಹೆಸರನ್ನು ನ್ಯಾಯಾಲಯದಲ್ಲಿ ಯಾರಾದರೂ ಕೂಗಲು ಎರಡು ವರ್ಷವಾದರೂ ಬೇಕು. ತಿಬೂರ್ಸಿಯೊನಿಗೆ ಆಗಲೇ ಅರವತ್ತೆಂಟು.

ಆದೇಶವನ್ನು ತಡೆಹಿಡಿಯಬೇಕಾದರೆ ನಾಲ್ಕರೊಳಗೆ ಅವಳ ಕೈಗೆ ಏನಾದರೂ ಗಟ್ಟಿಯಾದದ್ದು ಸಿಗಬೇಕಿತ್ತು.

"ಕಾಡಿಗೆ ಹೋಗೋ ಮುಂಚೆ ತಿಬೂರ್ಸಿಯೊ ನಿನ್ನ ಹತ್ರ ಬಂದಿದ್ನಲ್ಲ ಮಾವ. ಏನೇನು ಆರಿಸ್ದ, ಹೇಗೆ ಆರಿಸ್ದ, ನಿಧಾನವಾಗಿ ಹೇಳು," ಎಂದಳು, ತನಗೆ ನಿಧಾನವಿಲ್ಲದಿದ್ದರೂ.

ಓಜೆಯಾಸ್ ಮೊಳೆಯ ಮೂಟೆಯ ಮೇಲೆ ಕೂತುಕೊಂಡ. ನದಿಯ ಮೇಲಿನಿಂದ ಬಂದ ಗಾಳಿ ಅಂಗಡಿಯೊಳಗೆ ತೂಗಿದ್ದ ಸರಪಳಿಗಳನ್ನು ಮೆಲ್ಲಗೆ ಅಲುಗಾಡಿಸುತ್ತಿತ್ತು.

ಹೊರಡುವ ಹಿಂದಿನ ದಿನ ಮೂವರೂ ಬಂದಿದ್ದರಂತೆ. ಸರ್ವೇಯರ್ ಅದೆರ್ಬಾಲ್ ಹೊರಗೆ ಫೋನಿನಲ್ಲಿ ಮಾತಾಡುತ್ತಾ ನಿಂತಿದ್ದ. ಅವನ ಸಹಾಯಕ ಇವಾಂದ್ರೊ, ಬೆಲೆಮ್ ಪಟ್ಟಣದವನು, ಗಿಣಿಯ ಬಣ್ಣದ ಸ್ಪ್ರಿಂಗ್ ಕೊಕ್ಕೆಗಳನ್ನು ಎತ್ತಿ, ಇವೇ ಹಗುರ, ಇವನ್ನೇ ಕೊಡು ಎಂದ. ತಿಬೂರ್ಸಿಯೊ ಅವನ್ನು ಅವನ ಕೈಯಿಂದ ತೆಗೆದು ವಾಪಸ್ಸು ಡಬ್ಬಕ್ಕೆ ಹಾಕಿದ. ಅವು ಬೀಗದ ಕೈ ಹಾಕುವಂಥವು, ಮೈ ಹಾಕುವಂಥವಲ್ಲ ಎಂದನಂತೆ.

ಆಮೇಲೆ ಕಬ್ಬಿಣದ ಬಳೆಗಳ ತಟ್ಟೆಯ ಮುಂದೆ ಕೂತ. ಒಂದೊಂದೇ ಬಳೆಯನ್ನು ತಿರುಗಿಸಿ ಅದರ ಬಾಯಿ ನೋಡಿದ. ತಂತಿ ಬಗ್ಗಿಸಿ ತುದಿಗೆ ತುದಿ ತಾಕಿಸಿ ಬಿಟ್ಟದ್ದನ್ನೆಲ್ಲ ಆಚೆ ತಳ್ಳಿದ. ಬೆಸುಗೆ ಹಾಕಿದ್ದನ್ನು ಈಚೆ ಇಟ್ಟುಕೊಂಡ. ಈಚೆ ಇಟ್ಟದ್ದನ್ನು ಮತ್ತೆ ಒಂದೊಂದಾಗಿ ಕಲ್ಲಿನ ಮೇಲೆ ಬೀಳಿಸಿ ಕಿವಿಗೊಟ್ಟು ಕೇಳಿದ. ಒಡಕು ದನಿ ಬಂದದ್ದು ಮತ್ತೆ ತಟ್ಟೆಗೆ ಹೋಯಿತು.

"ಅಷ್ಟಕ್ಕೇ ಮುಗೀಲಿಲ್ಲ," ಎಂದ ಓಜೆಯಾಸ್. "ಜೋಲಿ ಅಂಚಿಂದ ಒಂದು ನೂಲು ಕಿತ್ತು, ಬಳೆ ಒಳಗೆ ಸುತ್ತಲೂ ಎಳ್ದು ನೋಡಿದ. ನೂಲು ಒಂದೆಳೆ ಸಿಕ್ಕೊಂಡ್ರೂ ಬೇಡ ಅಂದ. ಕಬ್ಬಿಣ ಮುರಿಯಲ್ಲ ಓಜೆಯಾಸ್, ಅದ್ರ ಮುಳ್ಳು ಹಗ್ಗ ಕುಯ್ತದೆ, ಬೆಳಗಾಗೋದ್ರಲ್ಲಿ ನೆಲದ ಮೇಲಿರ್ತೀವಿ ಅಂದ. ಒಂದು ಗಂಟೆ ಕೂತಿದ್ದ. ಮದುವೆಗೆ ಹೆಣ್ಣು ನೋಡೋವಾಗ್ಲೂ ಅವ್ನು ಇಷ್ಟು ಹೊತ್ತು ನೋಡಿರ್ಲಿಕ್ಕಿಲ್ಲ."

ಲಿಂಡಾಲ್ವ ನಗಲಿಲ್ಲ. ಅಷ್ಟು ಕಷ್ಟಪಡುವ ಬದಲು ಹಗ್ಗವನ್ನೇ ಗಂಟು ಹಾಕಬಹುದಿತ್ತಲ್ಲ, ಬಳೆಯೇ ಯಾಕೆ ಎಂದು ಕೇಳಿದಳು. ಅವಳು ಊರಿನಲ್ಲೇ ಬೆಳೆದವಳು. ಗೋಡೆಯ ಕೊಕ್ಕೆಗೆ ಜೋಲಿ ಸಿಕ್ಕಿಸಿ ಮಲಗಿದವಳೇ ಹೊರತು ಮರಕ್ಕೆ ಕಟ್ಟಿ ಮಲಗಿದವಳಲ್ಲ.

"ಮಳೆಗಮ್ಮ. ಮೇಲೆ ತಾಡಪಾಲು ಕಟ್ಟಿರ್ತಾರೆ ಸರಿ. ಆದ್ರೆ ಮರದಿಂದ ಇಳಿಯೋ ನೀರು ಹಗ್ಗ ಹಿಡ್ಕೊಂಡು ಜೋಲಿಗೇ ಬರ್ತದೆ. ಮಧ್ಯದಲ್ಲಿ ಬಳೆ ಇದ್ರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳ್ತದೆ. ಬೆನ್ನು ಒಣಗಿರ್ತದೆ."

ಅವಳು ಎದ್ದು ನಿಂತಳು. ಠಾಣೆಯಿಂದ ಕಾಗದದಲ್ಲಿ ಸುತ್ತಿ ತಂದಿದ್ದ ಕಟ್ಟನ್ನು ಬಿಚ್ಚಿದಳು. ಅದೆರ್ಬಾಲ್ ಸತ್ತಾಗ ಅವನ ಕೆಳಗಿದ್ದ ಜೋಲಿ ಅದು. ಕಂಪನಿ ಒಂದೇ ಬಿಳಿ ಬಟ್ಟೆಯ ಮೂರು ಜೋಲಿ ಕೊಂಡಿತ್ತು. ಇದು ಆ ಮೂರರಲ್ಲಿ ಒಂದು. ನಡುವೆ ರಕ್ತ ಕಪ್ಪಾಗಿ ಗಟ್ಟಿಯಾಗಿತ್ತು. ರಕ್ತವನ್ನೇ ಎಲ್ಲರೂ ನೋಡಿದ್ದರು. ಅವಳು ತುದಿಗಳನ್ನು ನೋಡಿದಳು.

ಆಗಲೇ ಇವಾಂದ್ರೊ ಬಾಗಿಲಲ್ಲಿ ನಿಂತಿದ್ದ. ಎರಡೂವರೆಗೆ ಬಾ ಎಂದು ಅವಳೇ ಹೇಳಿ ಕಳಿಸಿದ್ದಳು.

ಮೂವತ್ತರ ಆಸುಪಾಸಿನವನು. ಹೆಗಲಲ್ಲಿ ಚೀಲ, ಕಾಲಲ್ಲಿ ತೊಳೆದ ಬೂಟು. ಸಾಕ್ಷಿಯಾಗಿ ಅವನೂ ಇದೇ ಲಾಂಚಿನಲ್ಲಿ ಕೆಳನದಿಗೆ ಹೋಗಬೇಕೆಂದು ಆದೇಶದಲ್ಲಿತ್ತು.

"ಏನ್ ಮೇಡಂ, ಜೋಲಿ ವ್ಯಾಪಾರ ಶುರು ಮಾಡಿದ್ರಾ? ಸಂಬಳ ಸಾಲ್ತಿಲ್ವಾ?"

"ಒಂದು ತುದಿ ಹಿಡ್ಕೊಳ್ಳಿ," ಎಂದಳು ಲಿಂಡಾಲ್ವ.

ಓಜೆಯಾಸ್ ಮಾರಲು ಇಟ್ಟಿದ್ದ ಹೊಸ ಜೋಲಿಯೊಂದನ್ನು ಅಂಗಡಿಯ ಮುಂದಿನ ಎರಡು ಕಂಬಗಳ ನಡುವೆ ಕಟ್ಟಿಸಿದಳು. ಕಾಲಿನ ಕಡೆ ಹಗ್ಗಕ್ಕೂ ಜೋಲಿಯ ಕುಣಿಕೆಗೂ ನಡುವೆ ಕಬ್ಬಿಣದ ಬಳೆ. ತಲೆಯ ಕಡೆ ಬಳೆಯಿಲ್ಲ. ಹಗ್ಗವನ್ನೇ ನೇರ ಕುಣಿಕೆಗೆ ಗಂಟು ಹಾಕಿದ್ದು. ಕಟ್ಟುತ್ತಿರುವಾಗಲೇ ಆ ದಿನದ ಸಂಗತಿಯನ್ನು ಇನ್ನೊಮ್ಮೆ ಕೇಳಿದಳು.

ಅವನು ಕಡತದಲ್ಲಿದ್ದುದನ್ನೇ ಒಂದು ಪದವೂ ಆಚೀಚೆಯಾಗದಂತೆ ಹೇಳಿದ. ಸಂಜೆ ದೋಣಿಗೆ ಎಣ್ಣೆ ತುಂಬಿಸಿಡಲು ನಾನೊಬ್ಬನೇ ನದಿಯ ದಡಕ್ಕೆ ಹೋಗಿದ್ದೆ. ಕತ್ತಲಾದ ಮೇಲೆ, ಮಳೆಯಲ್ಲಿ ಬಂದೆ. ಬೆಂಕಿ ಆರಿಹೋಗಿತ್ತು, ಇಬ್ಬರೂ ಮಲಗಿದ್ದರು. ಯಾರನ್ನೂ ಮಾತಾಡಿಸದೆ ನನ್ನ ಜೋಲಿಗೆ ಹೋಗಿ ಬಿದ್ದುಕೊಂಡೆ. ಬೆಳಕು ಹರಿದಾಗ ತಿಬೂರ್ಸಿಯೊ ಕೂಗಿದ, ಎದ್ದೆ.

ಮಳೆ ಯಾವಾಗ ನಿಂತಿತು ಎಂದಳು. ಬೆಳಕು ಹರಿಯುವ ಹೊತ್ತಿಗೆ ಎಂದ.

ಜೋಲಿಯನ್ನು ಬಿಚ್ಚಿದ್ದು ಯಾರು?

"ಅವನೇ. ಮುದುಕ. ಪೊಲೀಸರು ಬರೋವರೆಗೂ ಮುಟ್ಬೇಡ ಅಂದೆ. ಕೇಳ್ಬೇಕಲ್ಲ. ಸತ್ತವನನ್ನ ಅವನು ಮಲಗಿದ್ದ ಜೋಲೀಲೇ ಹೊತ್ಕೊಂಡು ಹೋಗ್ಬೇಕಂತೆ, ಇಲ್ದಿದ್ರೆ ಪಾಪ ಬರ್ತದಂತೆ. ಗಂಟು, ಹಗ್ಗ ಎಲ್ಲಾ ಬಿಚ್ಚಿ ಸುತ್ತಿಬಿಟ್ಟ. ಕೋಲಿಗೆ ಕಟ್ಟಿ ದೋಣಿವರೆಗೆ ಹೊತ್ಕೊಂಡು ಬಂದ್ವಿ, ಊರು ಮುಟ್ಟೋಕೆ ಐದು ಗಂಟೆ ಆಯ್ತು. ಸಾಕ್ಷಿ ನಾಶ ಮಾಡೋಕೆ ಇದಕ್ಕಿಂತ ಒಳ್ಳೆ ಉಪಾಯ ಇದೆಯಾ?"

ಠಾಣೆಯ ಯಜಮಾನನೂ ಅದನ್ನೇ ಬರೆದಿದ್ದ. ಲಿಂಡಾಲ್ವ ಓದಿದಾಗ ಅವಳಿಗೆ ತನ್ನ ತಂದೆಯ ನೆನಪಾಗಿತ್ತು. ತಂದೆಯನ್ನು ನಾಲ್ಕು ಜನ ಹೀಗೆಯೇ, ಅವನ ಜೋಲಿಯಲ್ಲೇ ಹೊತ್ತು ತಂದಿದ್ದರು. ತಿಬೂರ್ಸಿಯೊನ ಜಾಗದಲ್ಲಿ ಈ ನದಿಯ ದಡದ ಯಾರೇ ಇದ್ದರೂ, ಅವಳೇ ಇದ್ದಿದ್ದರೂ, ಇದೇ ತಪ್ಪನ್ನು ಮಾಡುತ್ತಿದ್ದರು.

ಆದರೆ ಅವಳು ಈಗ ಅದನ್ನು ಹೇಳಲಿಲ್ಲ. ಎಣ್ಣೆಯ ಡಬ್ಬದಲ್ಲಿ ನೀರು ತುಂಬಿ, ಎರಡು ಕಂಬಗಳಲ್ಲೂ ಹಗ್ಗ ಕಟ್ಟಿದ ಜಾಗಕ್ಕೆ ಸಣ್ಣಗೆ ಸುರಿದಳು.

ನೀರು ಹಗ್ಗ ಹಿಡಿದು ಇಳಿಯಿತು. ಕಾಲಿನ ಕಡೆ ಬಳೆಯವರೆಗೆ ಬಂದು, ಅದರ ಹೊಟ್ಟೆಯ ಕೆಳಗೆ ಹನಿಯಾಗಿ ತೂಗಿ, ಟಪ್ಪೆಂದು ನೆಲಕ್ಕೆ ಬಿತ್ತು. ಇನ್ನೊಂದು ಹನಿ, ಮತ್ತೊಂದು. ತಲೆಯ ಕಡೆ ಗಂಟನ್ನು ದಾಟಿ, ಹುರಿಗಳಲ್ಲಿ ಹರಡಿ, ಬಟ್ಟೆಯ ಮೇಲೆ ಒದ್ದೆ ಕಲೆ ನಿಧಾನವಾಗಿ ಮುಂದೆ ಬಂತು.

"ಬಳೆಯ ಬದಲು ಕೊಕ್ಕೆ ಇದ್ರೂ ಹೀಗೇನಾ ಮಾವ?"

"ಯಾವ ಕಬ್ಬಿಣ ಆದ್ರೂ ಹೀಗೇ," ಎಂದ ಓಜೆಯಾಸ್.

ಅವಳು ರಕ್ತದ ಜೋಲಿಯನ್ನು ಕಲ್ಲಿನ ಕಟ್ಟೆಯ ಮೇಲೆ ಹರಡಿದಳು. ಕಾಲಿನ ತುದಿ ಹೊಸದರಂತೆ ಬೆಳ್ಳಗಿತ್ತು. ತಲೆಯ ತುದಿಯಲ್ಲಿ ಹುರಿಗಳಿಂದ ಹಿಡಿದು ಒಂದು ಮೊಳದುದ್ದ ಬಟ್ಟೆ ಕೆಂಪು ಕಾಫಿಯ ಬಣ್ಣಕ್ಕೆ ತಿರುಗಿತ್ತು. ರಕ್ತವಲ್ಲ. ಮರದ ತೊಗಟೆಯಿಂದ ಬಿಟ್ಟ ಬಣ್ಣ. ಇಡೀ ರಾತ್ರಿ ತೊಗಟೆ ತೊಳೆದ ನೀರು ಆ ತುದಿಯಿಂದ ಒಳಗೆ ಇಳಿದಿತ್ತು.

ಅದರ ಪಕ್ಕದಲ್ಲಿ ಚಿತ್ರವೊಂದನ್ನು ಇಟ್ಟಳು. ಆ ಬೆಳಿಗ್ಗೆ, ತಿಬೂರ್ಸಿಯೊ ಬಿಚ್ಚುವ ಮೊದಲು, ಇವಾಂದ್ರೊನೇ ಫೋನಿನಲ್ಲಿ ತೆಗೆದದ್ದು. ತಲೆಯ ಕಡೆಯ ಹಗ್ಗದ ತುದಿಯಲ್ಲಿ ಬಾಯಿಬಿಟ್ಟ ಲಾಟೀನು ಕೊಕ್ಕೆ ತೂಗುತ್ತಿತ್ತು.

"ಮಳೆ ಬರ್ತಿರೋವಾಗ ಈ ತುದೀಲಿ ಕಬ್ಬಿಣ ಇರ್ಲಿಲ್ಲ," ಎಂದಳು. "ಬರೀ ಹಗ್ಗ ಇತ್ತು. ಕೊಕ್ಕೆ ಬಂದಿದ್ದು ಮಳೆ ನಿಂತ ಮೇಲೆ. ಅಂದ್ರೆ ಅದೆರ್ಬಾಲ್ ಕೊಕ್ಕೆ ಬಿಚ್ಚಿ ಬಿದ್ದು ಸಾಯ್ಲಿಲ್ಲ. ಸತ್ತ ಮೇಲೆ ಯಾರೋ ಹಗ್ಗದ ಗಂಟು ಬಿಚ್ಚಿ, ಕೊಕ್ಕೇನ ಕೈಯಲ್ಲಿ ಬಗ್ಗಿಸಿ ಅಲ್ಲಿ ಸಿಕ್ಕಿಸಿದ್ರು."

ಇವಾಂದ್ರೊ ಬಗ್ಗಿ ಆ ಕಲೆಯನ್ನು ನೋಡಿದ. ಆಮೇಲೆ ಅವನು ತಲೆಯೆತ್ತಿದಾಗ ಮುಖದಲ್ಲಿ ಮುಗುಳ್ನಗೆ ಇತ್ತು.

"ಭಲೇ ಮೇಡಂ. ಹಾಗಾದ್ರೆ ಮುದುಕ ಹೊಡೆದು ಕೊಂದು, ಬೆಳಿಗ್ಗೆ ಕೊಕ್ಕೆ ಸಿಕ್ಕಿಸ್ದ. ನಾವು ಬರೀ ಜೋಲಿ ಕೆಟ್ಟದಾಗಿ ಕಟ್ದ ಅಂದ್ಕೊಂಡಿದ್ವಿ. ನೀವು ಕೊಲೇನೇ ಸಾಬೀತು ಮಾಡ್ಬಿಟ್ರಿ. ಪಾಪ, ಅವನಿಗೆ ಇನ್ನೂ ಹತ್ತು ವರ್ಷ ಜಾಸ್ತಿ ಆಯ್ತು."

"ನೀವೂ ಅಲ್ಲೇ ಇದ್ರಲ್ಲ."

"ಇದ್ದೆ. ನಾನ್ಯಾಕೆ ಅದೆರ್ಬಾಲ್‌ನ ಕೊಲ್ಲಲಿ?"

ಅವಳು ಮರಗಳ ಪಟ್ಟಿಯ ಮಾತೆತ್ತಿದಳು. ಕಾಡಿನವರು ಬೀಜ ಆಯ್ದು ಮಾರುವ ಕಸ್ತಾನ್ಯ ಮರವನ್ನು ಕಡಿಯಬಾರದೆಂದು ಸರ್ಕಾರದ ಕಾನೂನಿದೆ. ಕಂಪನಿಯ ಪಟ್ಟಿಯಲ್ಲಿ ನಲವತ್ತೊಂದು ಕಸ್ತಾನ್ಯ ಮರಗಳಿಗೆ ಬೇರೆ ಮರದ ಹೆಸರು ಬರೆದಿತ್ತು. ಮರ ಗುರುತಿಸಿದವನೆಂದು ತಿಬೂರ್ಸಿಯೊನೂ ಸಹಿ ಹಾಕಬೇಕಿತ್ತು. ಅವನು ಹಾಕಲಿಲ್ಲ. ಊರಿಗೆ ಹೋದ ದಿನವೇ ಅರಣ್ಯದವರಿಗೆ ಹೇಳುತ್ತೇನೆಂದು ಇಬ್ಬರ ಮುಂದೆಯೂ ಹೇಳಿದ್ದನಂತೆ.

"ಹೇಳಿದ್ದ," ಎಂದು ಇವಾಂದ್ರೊ ಸುಲಭವಾಗಿ ಒಪ್ಪಿಕೊಂಡ. "ಅದಕ್ಕೇ ಅವನಿಗೂ ಅದೆರ್ಬಾಲ್‌ಗೂ ಜಗಳ ಆಯ್ತು. ಆದ್ರೆ ಅದೆರ್ಬಾಲ್ ಪಟ್ಟಿಗೆ ಸಹಿ ಹಾಕಿದ್ದ. ನಾನೂ ಹಾಕಿದ್ದೆ. ನಾವಿಬ್ರೂ ಒಂದೇ ಕಡೆ. ನನ್ನ ಕಡೆಯವನನ್ನೇ ನಾನು ಹೊಡೀತೀನಾ? ಯೋಚ್ನೆ ಮಾಡಿ ಮೇಡಂ. ಲಾಂಚಿನಲ್ಲಿ ಒಳ್ಳೆ ಜಾಗ ಸಿಗ್ಬೇಕಾದ್ರೆ ನಾನು ಹೊರಡ್ಬೇಕು."

ಮೂರು ದಿನಗಳಿಂದ ಅವಳು ತಲೆ ಚಚ್ಚಿಕೊಂಡದ್ದೂ ಇದೇ ಗೋಡೆಗೆ. ಪಟ್ಟಿ ಹೊರಬಿದ್ದರೆ ಕೆಡುವುದು ಕಂಪನಿಯವರಿಗೆ. ಆದರೆ ಸತ್ತವನೇ ಕಂಪನಿಯವನು. ಬಾಯಿ ಬಿಡುತ್ತೇನೆಂದವನು ಜೀವಂತವಾಗಿ ಲಾಕಪ್ಪಿನಲ್ಲಿ ಕೂತು ಮರಗೆಣಸಿನ ಹಿಟ್ಟು ಮುಕ್ಕುತ್ತಿದ್ದ.

ಇವಾಂದ್ರೊ ಚೀಲವನ್ನು ಹೆಗಲಿಗೇರಿಸಿ, ಓಜೆಯಾಸ್‌ನಿಗೆ ಕೈಯೆತ್ತಿ, ಇಳಿಜಾರಿನ ಬೀದಿಯಲ್ಲಿ ನದಿಯ ಕಡೆ ನಡೆದುಹೋದ. ಗಂಟೆ ಮೂರೂವರೆ ದಾಟಿತ್ತು.

ಲಿಂಡಾಲ್ವ ಕಟ್ಟೆಗೆ ಒರಗಿ ನಿಂತಳು. ಓಜೆಯಾಸ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಅವಳ ಮುಂದಿಟ್ಟ. ಅವಳು ಮುಟ್ಟಲಿಲ್ಲ. ಒದ್ದೆಯಾದ ಹೊಸ ಜೋಲಿಯನ್ನು ಇನ್ನು ಯಾರು ಕೊಳ್ಳುತ್ತಾರೆಂದು ಅವನು ಗೊಣಗಿದ. ಅವಳ ಕಿವಿಗೆ ಅದು ಬೀಳಲಿಲ್ಲ. ಬೇರೆ ಏನೋ ತೊಡಕು ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಒಂದು ಗಂಟೆ ಕೂತು ಬಳೆ ಆರಿಸಿದ ಮನುಷ್ಯ. ಬೆನ್ನು ಒಣಗಿರಬೇಕೆಂದು ನೂಲು ಎಳೆದು ನೋಡಿದ ಮನುಷ್ಯ. ಅವನು ಅದೆರ್ಬಾಲ್‌ನ ಜೋಲಿಯ ಒಂದು ತುದಿಯನ್ನು ಮಾತ್ರ ಬರೀ ಹಗ್ಗದಲ್ಲಿ ಯಾಕೆ ಕಟ್ಟಿದ?

"ಎಷ್ಟು ಬಳೆ ತಗೊಂಡ ಮಾವ?"

"ಐದು."

"ಮೂರು ಜೋಲಿ. ಆರು ತುದಿ."

"ಆರು ಬೇಕಿತ್ತು. ಆರನೇದ್ರಲ್ಲಿ ನೂಲು ಸಿಕ್ಕೊಳ್ತು. ಇನ್ನೊಂದ್ರಲ್ಲೂ ಸಿಕ್ಕೊಳ್ತು. ತಟ್ಟೇಲಿ ಬೇರೆ ಇರ್ಲಿಲ್ಲ. ಮುಂದಿನ ವಾರ ಮಾಲು ಬರ್ತದೆ ಅಂದೆ. ವಾರ ಕಾಯೋರು ಯಾರು? ಒಂದು ತುದಿಗೆ ಹಗ್ಗ ಕಟ್ಕೊಳ್ತೀನಿ ಬಿಡು ಅಂದ." ಓಜೆಯಾಸ್ ಕಾಫಿಯ ಲೋಟವನ್ನು ಅವಳ ಕಡೆ ಇನ್ನಷ್ಟು ತಳ್ಳಿದ. "ಅದು ನನಗಿರ್ಲಿ ಅಂದ. ಸಾಹೇಬ್ರಿಗೆ ಒದ್ದೆಯಾದ್ರೆ ಚೆನ್ನಾಗಿರಲ್ಲ, ನನ್ನ ಬೆನ್ನಿಗೇನು, ಅದು ಮೊಸಳೆ ಚರ್ಮ ಅಂದ."

ಲಿಂಡಾಲ್ವ ಕೆಂಪು ಕಲೆಯ ಮೇಲೆ ಕೈಯಿಟ್ಟಳು.

ಮೂರೂ ಒಂದೇ ಬಟ್ಟೆಯ ಜೋಲಿಗಳು. ಸತ್ತವನು ಯಾವುದರಲ್ಲಿದ್ದನೋ ಅದು ಸತ್ತವನದೇ ಎಂದು ಎಲ್ಲರೂ ತಿಳಿದಿದ್ದರು. ಕಡತ ಹಾಗೆಯೇ ಶುರುವಾಗಿತ್ತು. ಅವಳೂ ಅಲ್ಲಿಂದಲೇ ಶುರು ಮಾಡಿದ್ದಳು. ಆದರೆ ಹಗ್ಗದ ತುದಿಯ ಜೋಲಿ ತಿಬೂರ್ಸಿಯೊನದು. ಆ ರಾತ್ರಿ ಅದೆರ್ಬಾಲ್ ಮಲಗಿದ್ದುದು ತಿಬೂರ್ಸಿಯೊನ ಜೋಲಿಯಲ್ಲಿ, ತಿಬೂರ್ಸಿಯೊನ ಜಾಗದಲ್ಲಿ.

ಬೆಂಕಿ ಆರಿತ್ತು. ಕತ್ತಲು. ಮಳೆಯ ಸದ್ದು. ಸಂಜೆಯೆಲ್ಲ ನದಿಯ ದಡದಲ್ಲಿದ್ದು ಬಂದವನಿಗೆ ಜಾಗ ಬದಲಾದದ್ದು ಗೊತ್ತಿಲ್ಲ. ಅವನು ಹೊಡೆಯಲು ಹೋದದ್ದು ಬಾಯಿ ಬಿಡುತ್ತೇನೆಂದವನನ್ನು. ಬೆಳಕಾದಾಗ ನೋಡಿದರೆ ಸತ್ತಿದ್ದವನು ತನ್ನ ಕಡೆಯವನು.

ಮುಗಿಸಬೇಕೆಂದುಕೊಂಡ ಕೆಲಸ ಇನ್ನೂ ಉಳಿದಿತ್ತು. ಅದನ್ನು ಮುಗಿಸಲು ಸರ್ಕಾರವೇ ಇಬ್ಬರನ್ನೂ ಒಂದೇ ಲಾಂಚಿನಲ್ಲಿ ಕಳಿಸುತ್ತಿತ್ತು.

ಅವಳು ಪೇದೆ ದಿಮಾಸ್‌ನಿಗೆ ಫೋನ್ ಮಾಡಿದಳು. ಕೈದಿಯ ಕಾವಲಿಗೆ ಹೋಗುವವನು ಅವನು. ಆ ಮಳೆಯಿಂದ ಊರಿನ ಫೋನ್ ಗೋಪುರ ಸರಿಯಿರಲಿಲ್ಲ. ಒಂದು ಸಲ ಗಂಟೆ ಬಾರಿಸಿ ನಿಂತುಹೋಯಿತು. ಠಾಣೆಗೆ ಓಡಿದಳು. ಲಾಕಪ್ಪಿನ ಬಾಗಿಲು ತೆರೆದಿತ್ತು, ಒಳಗೆ ಖಾಲಿ ತಟ್ಟೆಯೊಂದಿತ್ತು. ನದಿಗೆ ಓಡಿದಳು.

ಜುತಾಯಿ ಎಂಬ ಆ ಊರಿನವರ ನೆನಪಿನಲ್ಲೇ ಆ ಲಾಂಚು ಹೊತ್ತಿಗೆ ಸರಿಯಾಗಿ ಹೊರಟದ್ದಿಲ್ಲ. ಅಂದು ಹೊರಟಿತ್ತು. ಹಲಗೆಯನ್ನು ಎಳೆದುಕೊಂಡು, ದಡಕ್ಕೂ ಅದಕ್ಕೂ ನಡುವೆ ಮೂವತ್ತು ಮೊಳ ಕಂದು ನೀರು ಬಿಟ್ಟು, ಮೂತಿ ತಿರುಗಿಸುತ್ತಿತ್ತು.

ಮೇಲಿನ ಅಟ್ಟ ಸುತ್ತಲೂ ತೆರೆದದ್ದು. ಜನ ತೊಲೆಯ ಕೊಕ್ಕೆಗಳಿಗೆ ಬಣ್ಣಬಣ್ಣದ ಜೋಲಿಗಳನ್ನು ಸಿಕ್ಕಿಸುತ್ತಿದ್ದರು. ತಿಬೂರ್ಸಿಯೊ ಅಂಚಿನ ಕಂಬದ ಬಳಿ ನಿಂತಿದ್ದ. ಅವನ ಎಡಗೈಯ ಬೇಡಿಯನ್ನು ಕಂಬಕ್ಕೆ ಹಾಕಿತ್ತು. ಪಕ್ಕದಲ್ಲಿ ದಿಮಾಸ್ ತನ್ನ ಜೋಲಿ ಕಟ್ಟಿ ಆಗಲೇ ಅರ್ಧ ಮಲಗಿದ್ದ. ಇವಾಂದ್ರೊ ಇನ್ನೊಂದು ಕೊನೆಯಲ್ಲಿ, ಅಡುಗೆಯ ಕಡೆ ಇದ್ದ.

ಲಿಂಡಾಲ್ವ ಮೊಣಕಾಲುದ್ದ ನೀರಿಗಿಳಿದು ಚಾಲಕನಿಗೆ ಎರಡೂ ಕೈ ಬೀಸಿದಳು. ಮೇಲಿನ ಗೂಡಿನಿಂದ ಚಾಲಕ ತಾನೂ ಕೈ ಬೀಸಿದ. ಬೀಳ್ಕೊಡಲು ಬಂದವರಿಗೆಲ್ಲ ಅವನು ಬೀಸುತ್ತಿದ್ದುದು ಹಾಗೆಯೇ.

ತಿಬೂರ್ಸಿಯೊ ಮಾತ್ರ ಅವಳನ್ನು ಗುರುತಿಸಿ ಕಂಬದ ಕಡೆಯಿಂದ ಮುಂದೆ ಬಾಗಿದ. ಇದನ್ನು ಈಗ ಕೇಳದಿದ್ದರೆ ಇನ್ನು ಕೇಳಲಾಗದು ಎಂದು ಅವಳಿಗೆ ಅನಿಸಿತು. ಇಂಜಿನ್ನಿನ ಸದ್ದಿನ ಮೇಲೆ ಗಂಟಲು ಹರಿಯುವಂತೆ ಕೇಳಿದಳು:

"ತಿಬೂರ್ಸಿಯೊ, ಹಗ್ಗದ ತುದಿ ಜೋಲೀಲಿ ಸಾಹೇಬ್ರು ಯಾಕೆ ಮಲಗಿದ್ರು?"

"ಜ್ವರ ಬಂದಿತ್ತಮ್ಮ ಅವ್ರಿಗೆ," ಎಂದು ಅವನೂ ಕೂಗಿ ಹೇಳಿದ. "ಗಡಗಡ ನಡುಗ್ತಿದ್ರು. ನನ್ನ ಜಾಗ ಬೆಂಕಿ ಹತ್ರ ಇತ್ತು. ನಂದ್ರಲ್ಲೇ ಮಲಗಿಸ್ದೆ. ಅವ್ರದ್ರಲ್ಲಿ ನಾನು ಮಲಗ್ದೆ."

ಹೇಳಿ ಮುಗಿಸಿದ ಮೇಲೂ ಮುದುಕನ ಬಾಯಿ ತೆರೆದೇ ಇತ್ತು. ತಾನು ಹೇಳಿದ್ದು ಏನೆಂದು ಅವನಿಗೆ ಆಗ ಹೊಳೆಯಿತೆಂದು ಕಾಣುತ್ತದೆ. ಅವನು ಮೆಲ್ಲಗೆ ತಲೆ ತಿರುಗಿಸಿ ಅಡುಗೆಯ ಕಡೆ ನೋಡಿದ.

ಅಟ್ಟದ ಮೇಲಿದ್ದವರೆಲ್ಲ ಆ ಮಾತು ಕೇಳಿದ್ದರು. ಇವಾಂದ್ರೊನೂ ಕೇಳಿದ್ದ. ಆ ರಾತ್ರಿ ಜಾಗ ಬದಲಾದದ್ದನ್ನು ಕಂಡವರು, ಸತ್ತವನನ್ನು ಬಿಟ್ಟರೆ, ಲೋಕದಲ್ಲಿ ತಿಬೂರ್ಸಿಯೊ ಒಬ್ಬನೇ. ಅದನ್ನು ಯಾವ ಕಾಗದದಲ್ಲೂ ಯಾರೂ ಬರೆದುಕೊಂಡಿರಲಿಲ್ಲ. ಲಾಂಚು ಮತ್ತೆ ದಡ ಮುಟ್ಟುವುದು ನಾಳೆ ಸೂರ್ಯ ಹುಟ್ಟಿದ ಮೇಲೆ.

ಇವಾಂದ್ರೊ ಸಿಕ್ಕಿಸಿದ್ದ ತನ್ನ ಜೋಲಿಯನ್ನು ಎರಡೂ ಕೊಕ್ಕೆಗಳಿಂದ ಬಿಚ್ಚಿದ. ಅದನ್ನು ತೋಳಿನ ಮೇಲೆ ಹಾಕಿಕೊಂಡು, ಮಲಗಿದವರ ಬೆನ್ನುಗಳ ಕೆಳಗೆ ಬಗ್ಗಿ ಬಗ್ಗಿ, ತಿಬೂರ್ಸಿಯೊ ಇದ್ದ ಈ ಕೊನೆಗೆ ನಡೆದು ಬಂದ. ದಿಮಾಸ್‌ನ ಹೆಗಲು ತಟ್ಟಿ ಏನೋ ಕೇಳಿದ. ಅಲ್ಲಿ ಅಡುಗೆಯ ಹೊಗೆ ಎಂದಿರಬೇಕು. ಲಿಂಡಾಲ್ವ ದಿಮಾಸ್‌ನ ಹೆಸರು ಹಿಡಿದು ಕೂಗಿದಳು, ಲಾಂಚು ಆಗಲೇ ದನಿಗೆ ಸಿಗದಷ್ಟು ದೂರ ಹೋಗಿತ್ತು.

ದಿಮಾಸ್ ನಕ್ಕು, ಎದ್ದು, ತನ್ನ ಜೋಲಿಯನ್ನು ಒಂದು ಕೊಕ್ಕೆ ಆಚೆ ಸರಿಸಿ ಜಾಗ ಮಾಡಿಕೊಟ್ಟ.